ದುರ್ಗದ ಎತ್ತರ, ಡ್ರೋನಿನ ಎತ್ತರ

ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗವನ್ನು ನೀವು ಹತ್ತಿದ್ದರೆ, ಮೆಟ್ಟಿಲ ನಡುವೆ ಏದುಸಿರು ಬಿಟ್ಟಿರಬೇಕು. ಆ ಏದುಸಿರೇ ಕೋಟೆಯ ಮೊದಲ ಆಯುಧ. ಹೊಯ್ಸಳ ದೊರೆ ಎರಡನೆಯ ವೀರಬಲ್ಲಾಳ ಈ ದುರ್ಗವನ್ನು ಗೆದ್ದು ‘ಗಿರಿದುರ್ಗಮಲ್ಲ’ ಎಂಬ ಬಿರುದು ಧರಿಸಿದ. ಗೆದ್ದದ್ದು ಶನಿವಾರವೆಂದು ‘ಶನಿವಾರಸಿದ್ಧಿ’ ಎಂಬುದನ್ನೂ ಸೇರಿಸಿಕೊಂಡ! ಬೆಟ್ಟದ ಕೋಟೆ ಹಿಡಿಯುವುದು ಅಷ್ಟು ದೊಡ್ಡ ಸಂಗತಿ ಏಕಾಗಿತ್ತು?

ಲೆಕ್ಕ ಮಾಡಿ ನೋಡೋಣ. ಕೋಟೆಗೋಡೆ ನೆಲದಿಂದ 60 ಮೀಟರ್ ಎತ್ತರದಲ್ಲಿದೆ ಎಂದಿಟ್ಟುಕೊಳ್ಳಿ. ಕೆಳಗಿನಿಂದ ಸೆಕೆಂಡಿಗೆ 50 ಮೀಟರ್ ವೇಗದಲ್ಲಿ ಬಿಟ್ಟ ಬಾಣ ಅಲ್ಲಿಗೆ ತಲುಪುವಷ್ಟರಲ್ಲಿ ತನ್ನ ಚಲನಶಕ್ತಿಯ ಸುಮಾರು ಅರ್ಧವನ್ನು ಗುರುತ್ವಕ್ಕೆ ತೆತ್ತಿರುತ್ತದೆ. ಮೇಲಿನಿಂದ ಸುಮ್ಮನೆ ಕೈಬಿಟ್ಟ 5 ಕಿಲೋಗ್ರಾಂ ಕಲ್ಲಾದರೋ ಸುಮಾರು 2,940 ಜೂಲ್ ಶಕ್ತಿಯೊಡನೆ ಅಪ್ಪಳಿಸುತ್ತದೆ. (ಗಾಳಿಯ ತಡೆಯನ್ನು ಇಲ್ಲಿ ಬಿಟ್ಟಿದ್ದೇವೆ.) ಎತ್ತರದಲ್ಲಿದ್ದವನಿಗೆ ಗುರುತ್ವವೇ ಕಾಲಾಳು. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯಲ್ಲಿ ಪಾಳೆಯಗಾರರು ಬಂಡೆಗಳ ನಡುವೆ ಕೋಟೆ ಕಟ್ಟಿದ್ದರ ಮರ್ಮವೂ ಇದೇ.

ಫಿರಂಗಿ ಬಂದಾಗ ಈ ಲೆಕ್ಕ ತಲೆಕೆಳಗಾಯಿತು. ಅದೇ 5 ಕಿಲೋಗ್ರಾಂ ತೂಕದ ಗುಂಡು ಸೆಕೆಂಡಿಗೆ 400 ಮೀಟರ್ ವೇಗದಲ್ಲಿ ಹೊರಟರೆ ಅದರ ಚಲನಶಕ್ತಿ 4,00,000 ಜೂಲ್; ಕಲ್ಲಿನದಕ್ಕಿಂತ ಸುಮಾರು 136 ಪಟ್ಟು. 60 ಮೀಟರ್ ಏರುವುದು ಅದಕ್ಕೆ ಲೆಕ್ಕಕ್ಕೇ ಇಲ್ಲ.

ಇನ್ನೊಂದು ಬದಲಾವಣೆ ಅಳತೆಗೆ ಸಿಕ್ಕುವಂಥದಲ್ಲ. ಕೊಟ್ಟೂರು, ಹಡಗಲಿ ಸೀಮೆಯ ಊರುಗಳಲ್ಲಿ ವೀರಗಲ್ಲು ಕಂಡರೆ ನಿಂತು ನೋಡಿ. ಕತ್ತಿ, ಭರ್ಜಿ, ಬಿಲ್ಲು ಹಿಡಿದವರು ಎದುರುಬದುರಾಗಿರುತ್ತಾರೆ. ಕೊಲ್ಲುವವನಿಗೆ ಸಾಯುವವನ ಮುಖ ಕಾಣುತ್ತಿತ್ತು. ಫಿರಂಗಿ ಇಬ್ಬರನ್ನೂ ದೂರ ಮಾಡಿತು. ಡ್ರೋನ್ ಮುಖವನ್ನು ಮತ್ತೆ ಹತ್ತಿರ ತಂದಿದೆ, ಆದರೆ ಪರದೆಯ ಮೇಲೆ.

2020ರಲ್ಲಿ ನಾಗೊರ್ನೊ-ಕರಾಬಾಖ್‌ನಲ್ಲಿ 44 ದಿನ ನಡೆದ ಯುದ್ಧದಲ್ಲಿ ಅರ್ಮೇನಿಯನ್ನರ ಬಳಿ ಬೆಟ್ಟಗಳಿದ್ದವು. ಅಜರ್‌ಬೈಜಾನಿನ ಡ್ರೋನುಗಳು ಬೆಟ್ಟಕ್ಕಿಂತ ಮೇಲಿದ್ದವು; ಅಲ್ಲಿನ ಟ್ಯಾಂಕು, ಫಿರಂಗಿಗಳನ್ನು ಒಂದೊಂದಾಗಿ ಹೊಡೆದವು. (ಆದರೂ ಶುಶಾ ಪಟ್ಟಣವನ್ನು ಕೊನೆಗೆ ಹಿಡಿದದ್ದು ಬಂಡೆ ಹತ್ತಿ ಬಂದ ಯೋಧರೇ. ಹಳೆಯ ಯುದ್ಧ ಪೂರ್ತಿ ಸಾಯುವುದಿಲ್ಲ.) ನಮಗೂ ಇದು ದೂರದ ಮಾತಲ್ಲ. 2025ರ ಮೇ ತಿಂಗಳಲ್ಲಿ ಭಾರತ-ಪಾಕಿಸ್ತಾನಗಳು ಪರಸ್ಪರ ಡ್ರೋನುಗಳನ್ನು ಬಳಸಿದವು. ಕೂಡ್ಲಿಗಿಯಿಂದ ದಕ್ಷಿಣಕ್ಕೆ ಹೋದರೆ ಸಿಗುವ ಚಳ್ಳಕೆರೆಯಲ್ಲಿ ಡಿಆರ್‌ಡಿಒದ ಪರೀಕ್ಷಾ ವಲಯವಿದೆ. ಅಲ್ಲಿ ಹಾರಿಸಿದ ರುಸ್ತುಂ-2 ಚಾಲಕರಹಿತ ವಿಮಾನವೊಂದು 2019ರ ಸೆಪ್ಟೆಂಬರ್ 17ರಂದು ಚಿತ್ರದುರ್ಗ ಜಿಲ್ಲೆಯ ಜೋಡಿಚಿಕ್ಕೇನಹಳ್ಳಿ ಬಳಿ ಬಿದ್ದಿತು. ಅದೃಷ್ಟವಶಾತ್ ಯಾರಿಗೂ ಏನೂ ಆಗಲಿಲ್ಲ.

ಡ್ರೋನನ್ನು ತಡೆಯುವುದು ಹೇಗೆ? ರೇಡಿಯೊ ಸಂಕೇತದ ತೀವ್ರತೆ ದೂರದ ವರ್ಗಕ್ಕೆ ವಿಲೋಮವಾಗಿ ಇಳಿಯುತ್ತದೆ. ಡ್ರೋನ್ ತನ್ನ ಚಾಲಕನಿಂದ 10 ಕಿಲೋಮೀಟರ್ ದೂರ ಬಂದಿದೆ, ಗುರಿಯ ಪಕ್ಕದ ಜಾಮರ್‌ಗೆ ಅರ್ಧ ಕಿಲೋಮೀಟರ್ ದೂರದಲ್ಲಿದೆ ಎನ್ನಿ. ಎರಡರ ಸಾಮರ್ಥ್ಯವೂ ಒಂದೇ ಆಗಿದ್ದರೆ ಡ್ರೋನಿನ ಗ್ರಾಹಕಕ್ಕೆ ಜಾಮರ್‌ನ ಗದ್ದಲ 400 ಪಟ್ಟು ಜೋರಾಗಿ ಕೇಳುತ್ತದೆ. ಗುರಿ ಹತ್ತಿರವಾದಷ್ಟೂ ಡ್ರೋನ್ ಕಿವುಡಾಗುತ್ತದೆ.

ಇದಕ್ಕೆ ಎರಡು ಉತ್ತರಗಳು ಬಂದಿವೆ. ಒಂದು, ಉಕ್ರೇನ್ ಯುದ್ಧದಲ್ಲಿ 2024ರಿಂದ ಹೆಚ್ಚಾಗಿ ಕಾಣಿಸಿಕೊಂಡ ದಾರದ ಡ್ರೋನ್. ಗಾಳಿಪಟದಂತೆ ಕೂದಲೆಳೆಯ ಗಾಜಿನ ತಂತುವನ್ನು ಬಿಚ್ಚುತ್ತ ಹಾರುವ ಇದರಲ್ಲಿ ಸಂಕೇತ ಬೆಳಕಾಗಿ ಹರಿಯುತ್ತದೆ, ಜಾಮರ್ ಏನೂ ಮಾಡಲಾರದು. ಅಲ್ಲಿನ ಹೊಲಗಳಲ್ಲಿ ಈಗ ಆ ತಂತುಗಳ ಬಲೆಯೇ ಬಿದ್ದಿದೆ. ಎರಡನೆಯದು ಹೆಚ್ಚು ಯೋಚಿಸಬೇಕಾದದ್ದು: ಸಂಪರ್ಕವೇ ಬೇಡ, ಗುರಿಯನ್ನು ಯಂತ್ರವೇ ಗುರುತಿಸಲಿ.

ಯಂತ್ರ ಏನು ನೋಡುತ್ತದೆ? ಮನುಷ್ಯನ ಚರ್ಮ ಸುಮಾರು 33 ಡಿಗ್ರಿ ಸೆಲ್ಸಿಯಸ್‌ನಲ್ಲಿದ್ದಾಗ ಅದು ಸೂಸುವ ಅವಕೆಂಪು ವಿಕಿರಣ ಸುಮಾರು 9.5 ಮೈಕ್ರೊಮೀಟರ್ ತರಂಗದೂರದಲ್ಲಿ ಅತಿ ಹೆಚ್ಚಿರುತ್ತದೆ. ತಂಪು ರಾತ್ರಿಯಲ್ಲಿ ಉಷ್ಣ ಕ್ಯಾಮೆರಾಗೆ ಮನುಷ್ಯ ಹೊಳೆಯುವ ಆಕೃತಿ. ಈಗ ಹಗರಿಬೊಮ್ಮನಹಳ್ಳಿಯ ಒಂದು ಎರೆಹೊಲವನ್ನು ಮೇ ತಿಂಗಳ ಸಂಜೆ ಊಹಿಸಿಕೊಳ್ಳಿ. ನೆಲವೂ ಮೈಯಷ್ಟೇ ಬಿಸಿ. ಆಕೃತಿಯ ಅಂಚು ಕರಗುತ್ತದೆ. ಹೆಗಲ ಮೇಲೆ ಉದ್ದನೆಯ ಕೋಲಿಟ್ಟುಕೊಂಡು ಕುರಿಗಾಹಿಯೊಬ್ಬ ಹೋಗುತ್ತಿದ್ದಾನೆ. ನೂರು ಮೀಟರ್ ಮೇಲಿನಿಂದ ಅದು ಕೋಲೋ ಬಂದೂಕೋ? ಯೋಧನನ್ನೂ ನಾಗರಿಕನನ್ನೂ ಬೇರ್ಪಡಿಸಿ ನೋಡಬೇಕೆಂಬುದು ಯುದ್ಧ ನಿಯಮದ ತಳಹದಿ. ಕೆಲವು ಹತ್ತು ಬಿಂದುಗಳ ಚಿತ್ರದಿಂದ ಆ ತೀರ್ಮಾನವನ್ನು ಯಂತ್ರಕ್ಕೆ ಒಪ್ಪಿಸಬಹುದೇ ಎಂಬ ಚರ್ಚೆ ಜಿನೀವಾದಲ್ಲಿ 2014ರಲ್ಲಿ ಶುರುವಾಯಿತು. 2017ರಲ್ಲಿ ತಜ್ಞರ ತಂಡದ ಮೊದಲ ಸಭೆಗೆ ಭಾರತದ ರಾಯಭಾರಿ ಅಮನ್‌ದೀಪ್ ಸಿಂಗ್ ಗಿಲ್ ಅಧ್ಯಕ್ಷರಾಗಿದ್ದರು. 2024 ಮುಗಿದಾಗಲೂ ರಾಷ್ಟ್ರಗಳನ್ನು ಬಂಧಿಸುವ ಒಪ್ಪಂದ ಆಗಿರಲಿಲ್ಲ.