ಗೇರ್ ಬಾಕ್ಸ್ ಬಿಚ್ಚುವ ಮೊದಲು ಅದರ ಕಂಪ್ಯೂಟರ್‌ನ್ನು ಕೇಳಿ

ಕಳೆದ ಎಪ್ರಿಲ್‌ನಲ್ಲಿ ನನ್ನ ಮಾಮ ಒಣದ್ರಾಕ್ಷಿ ನೋಡಲು ಘೋಣಸಗಿಗೆ ಹೊರಟಾಗ ನಾನೂ ಜೊತೆಗಿದ್ದೆ. ವಿಜಯಪುರ ಜಿಲ್ಲೆಯ ತಿಕೋಟಾ ತಾಲೂಕಿನ ಊರು ಅದು. ಆ ಕಡೆಯೆಲ್ಲ ದ್ರಾಕ್ಷಿ ಬೆಳೆ. ಮಾಮ ದಮ್ಮಾಮ್‌ನಲ್ಲಿ ಇಪ್ಪತ್ತೆರಡು ವರ್ಷ ಡ್ರೈವರ್ ಆಗಿದ್ದವರು. ಕ್ಲಚ್ ತುಳಿಯುವುದನ್ನೇ ಮರೆತು ಊರಿಗೆ ಬಂದರು, ಬಂದವರೇ ಒಂದು ಸೆಕೆಂಡ್ ಹ್ಯಾಂಡ್ ಆಟೊಮ್ಯಾಟಿಕ್ ಗಾಡಿ ತೆಗೆದರು. ಇಂಥ ಗಾಡಿ ಈಗ ನಮ್ಮ ಹಲವು ಮನೆಗಳ ಅಂಗಳದಲ್ಲಿದೆ. ಗಲ್ಫ್‌ನಿಂದ ಬಂದವರಿಗೆ ಅಭ್ಯಾಸ, ಮಕ್ಕಳನ್ನು ಶಾಲೆಗೆ ಬಿಡುವ ಹೆಣ್ಣುಮಕ್ಕಳಿಗೆ ಸುಲಭ. ಅದು ಕೆಟ್ಟಾಗ ಏನು ಮಾಡಬೇಕೆಂದು ಮಾತ್ರ ಹೆಚ್ಚಿನವರಿಗೆ ಗೊತ್ತಿಲ್ಲ.

ಮಂಗಳೂರಿನಿಂದ ಅಂಕೋಲಾವರೆಗೆ ಏನೂ ತೊಂದರೆ ಇರಲಿಲ್ಲ. ಅಲ್ಲಿಂದ ಯಲ್ಲಾಪುರದ ಕಡೆ ತಿರುಗಿ ಅರಬೈಲ್ ಘಟ್ಟ ಹತ್ತುವಾಗ ಶುರುವಾಯಿತು ನೋಡಿ. ಗಾಡಿ ಮೂರನೇ ಗೇರಿಗೆ ಬೀಳುತ್ತದೆ, ನಾಲ್ಕಕ್ಕೆ ಏರುತ್ತದೆ, ಮತ್ತೆ ಮೂರು. ನಡುವೆ ಎಂಜಿನ್ ಸುಮ್ಮನೆ ಜೋರಾಗಿ ಕೂಗುತ್ತದೆ, ಮರುಕ್ಷಣ ಯಾರೋ ಹಿಂದಿನಿಂದ ಗುದ್ದಿದ ಹಾಗೆ ಒಂದು ಏಟು. ದಾರಿಯಲ್ಲಿ ಸಿಕ್ಕಿದ ಒಂದು ಗ್ಯಾರೇಜಿನವರು ಎರಡು ಸುತ್ತು ಹೊಡೆದು, "ಗೇರ್ ಬಾಕ್ಸ್ ಹೋಗಿದೆ, ಇಳಿಸಿ ಬಿಚ್ಚಬೇಕು, ಒಂದು ಲಕ್ಷ ಅರವತ್ತು ಸಾವಿರ" ಅಂದುಬಿಟ್ಟರು. ಮಾಮನ ಕೈಯಲ್ಲಿ ಇದ್ದದ್ದು ದ್ರಾಕ್ಷಿಗೆ ಕೊಡಬೇಕಾದ ಹಣ. ಮೆಲ್ಲ ಮೆಲ್ಲ ಓಡಿಸಿಕೊಂಡು ರಾತ್ರಿ ವಿಜಯಪುರ ಮುಟ್ಟಿದೆವು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಆಟೊಮ್ಯಾಟಿಕ್ ಗೇರ್ ಬಾಕ್ಸ್ ಹೊಸದೇನಲ್ಲ, ಅಮೆರಿಕದ ಜನರಲ್ ಮೋಟರ್ಸ್ 1939ರಲ್ಲೇ ಹೈಡ್ರಾಮ್ಯಾಟಿಕ್ ಎಂಬುದನ್ನು ಮಾರುಕಟ್ಟೆಗೆ ತಂದಿತ್ತು. ಆಗ ಗೇರ್ ಯಾವಾಗ ಬದಲಾಗಬೇಕೆಂದು ತೀರ್ಮಾನಿಸುತ್ತಿದ್ದದ್ದು ಎಣ್ಣೆಯ ಒತ್ತಡ ಮತ್ತು ಸ್ಪ್ರಿಂಗ್. ಈಗ ಆ ತೀರ್ಮಾನ ಒಂದು ಪುಟ್ಟ ಕಂಪ್ಯೂಟರಿನದ್ದು, ಟಿಸಿಯು ಅನ್ನುತ್ತಾರೆ. ಅದರೊಳಗೆ ಒಂದು ಕೋಷ್ಟಕ ಇರುತ್ತದೆ. ಕಾಲು ಎಷ್ಟು ಒತ್ತಿದೆ, ಗಾಡಿ ಎಷ್ಟು ವೇಗದಲ್ಲಿದೆ, ಎರಡನ್ನೂ ನೋಡಿ ಯಾವ ಗೇರ್ ಎಂದು ಅದು ಹೇಳುತ್ತದೆ. ಮೆಲ್ಲ ಒತ್ತಿದರೆ ಬೇಗ ಮೇಲಿನ ಗೇರ್, ಡೀಸೆಲ್ ಉಳಿತಾಯ. ಪೂರ್ತಿ ಒತ್ತಿದರೆ ತಡವಾಗಿ, ಎಳೆಯುವ ಶಕ್ತಿ ಹೆಚ್ಚು. ಏರುವ ವೇಗ ಮತ್ತು ಇಳಿಯುವ ವೇಗ ಒಂದೇ ಆದರೆ ಗೇರ್ ಮೇಲೆ ಕೆಳಗೆ ಕುಣಿಯುತ್ತಲೇ ಇರುತ್ತದೆ, ಹಾಗಾಗಿ ಎರಡರ ನಡುವೆ ಬೇಕೆಂದೇ ಅಂತರ ಬಿಟ್ಟಿರುತ್ತಾರೆ.

ಆದರೆ ನಿಜವಾದ ವಿಷಯ ಈ ಕೋಷ್ಟಕವಲ್ಲ. ಕಂಪ್ಯೂಟರ್ ದಿನವೂ ಕಲಿಯುತ್ತದೆ! ಗೇರ್ ಬಾಕ್ಸಿನೊಳಗೆ ಹಲವು ಕ್ಲಚ್ ಬಿಲ್ಲೆಗಳಿವೆ, ಅವನ್ನು ಹಿಡಿಸುವುದು ಎಣ್ಣೆಯ ಒತ್ತಡ. ಎಣ್ಣೆ ತುಂಬಿ ಬಿಲ್ಲೆ ಹಿಡಿಯಲು ಸೆಕೆಂಡಿನ ಒಂದು ಚಿಕ್ಕ ಪಾಲು ಬೇಕು. ಒಳಗೆ ಹೋಗುವ ಮತ್ತು ಹೊರಗೆ ಬರುವ ಶಾಫ್ಟ್‌ಗಳ ವೇಗವನ್ನು ಸೆನ್ಸಾರ್‌ಗಳು ಅಳೆಯುತ್ತವೆ. ಹಿಡಿಯುವ ಮೊದಲೇ ಎಂಜಿನ್ ಕೂಗಿತೇ? ಮುಂದಿನ ಸಲ ಎಣ್ಣೆ ಇನ್ನೊಂದಿಷ್ಟು ಬೇಗ ಬಿಡು. ಏಟು ಬಿತ್ತೇ? ಸ್ವಲ್ಪ ಕಡಿಮೆ ಮಾಡು. ಬಿಲ್ಲೆ ಸವೆದಂತೆ ಈ ಲೆಕ್ಕವೂ ಬದಲಾಗುತ್ತಾ ಹೋಗುತ್ತದೆ. ಮೆಕ್ಯಾನಿಕ್‌ಗಳು ಇದನ್ನು ಅಡಾಪ್ಟೇಶನ್ ಅನ್ನುತ್ತಾರೆ. ಅದಕ್ಕೊಂದು ಮಿತಿಯೂ ಇದೆ. ಮಿತಿ ಮುಟ್ಟಿದ ಮೇಲೆ ತಿದ್ದಲು ಅದರ ಕೈಯಲ್ಲೂ ಆಗುವುದಿಲ್ಲ.

ಮರುದಿನ ಬೆಳಿಗ್ಗೆ ವಿಜಯಪುರದ ಒಬ್ಬ ಹುಡುಗನ ಬಳಿ ಗಾಡಿ ಒಯ್ದೆವು. ನನ್ನ ಫೋನಿಗೆ ಜೋಡಿಸುವ ಸಣ್ಣ ಯಂತ್ರ ಪಿ 0700 ಎಂದಷ್ಟೇ ತೋರಿಸಿತ್ತು. ಅದರ ಅರ್ಥ ಗೇರ್ ಬಾಕ್ಸಿನ ಕಂಪ್ಯೂಟರ್‌ಗೆ ಏನೋ ದೂರು ಇದೆ, ಅದನ್ನೇ ಕೇಳಿ ಎಂದು ಮಾತ್ರ. ಅದನ್ನೇ ನೋಡಿ ಗೇರ್ ಬಾಕ್ಸ್ ಹೋಯಿತು ಅನ್ನುವವರಿದ್ದಾರೆ. ಹುಡುಗನ ದೊಡ್ಡ ಸ್ಕ್ಯಾನರ್ ಒಳಗಿನದನ್ನು ಓದಿತು: ಪಿ 0730, ಅಂದರೆ ಗೇರಿನ ಅನುಪಾತ ಹೊಂದುತ್ತಿಲ್ಲ. ಅಡಾಪ್ಟೇಶನ್ ಲೆಕ್ಕ ಮಿತಿಗೆ ಹೋಗಿ ಕೂತಿತ್ತು. "ಇತ್ತೀಚಿಗೆ ಎಣ್ಣಿ ಬದಲಿ ಮಾಡೀರೇನ್ರೀ?" ಎಂದ. ಹೌದು, ಹೊರಡುವ ವಾರದ ಮೊದಲು ಊರಲ್ಲಿ ಮಾಡಿಸಿದ್ದೆವು. ಹುಡುಗ ನಕ್ಕ. "ಡಬ್ಬಿ ಕೆಟ್ಟಿಲ್ರೀ ಸಾಹೇಬ್ರ. ಎಣ್ಣಿ ಕಡಿಮಿ ಬಿದ್ದದ, ಅದಕ್ಕ ಅದರ ತೆಲಿ ಕೆಟ್ಟದ."

ಇಂಥ ಹಲವು ಗಾಡಿಗಳಲ್ಲಿ ಗೇರ್ ಎಣ್ಣೆ ನೋಡಲು ಕಡ್ಡಿ ಇರುವುದಿಲ್ಲ. ಎಂಜಿನ್ ಓಡುತ್ತಿರುವಾಗ, ಎಣ್ಣೆ ಕಂಪನಿ ಹೇಳಿದ ಬಿಸಿಯಲ್ಲಿರುವಾಗ (ಈ ಗಾಡಿಗೆ ಸುಮಾರು 40 ಡಿಗ್ರಿ) ಅಡಿಯ ಬಿರಡೆ ತೆಗೆದರೆ ಹೆಚ್ಚಿನದು ಸಣ್ಣ ಧಾರೆಯಾಗಿ ಹೊರಬರಬೇಕು. ಗಾಡಿ ಓಡಿಸಿ ತಂದು ಎಣ್ಣೆ ಕುದಿಯುತ್ತಿರುವಾಗಲೇ ಬಿರಡೆ ತೆಗೆದರೆ ಏನಾಗುತ್ತದೆ? ಬಿಸಿಗೆ ಹಿಗ್ಗಿದ ಎಣ್ಣೆ ಇರಬೇಕಾದ್ದಕ್ಕಿಂತ ಹೆಚ್ಚು ಹರಿದು ಹೋಗುತ್ತದೆ. ತಣಿದ ಮೇಲೆ ಕೊರತೆ. ಸಮತಟ್ಟಿನ ಕರಾವಳಿ ರಸ್ತೆಯಲ್ಲಿ ಅದು ಗೊತ್ತಾಗಲಿಲ್ಲ. ಘಟ್ಟದ ಏರಿನಲ್ಲಿ ಎಣ್ಣೆ ಹಿಂದಕ್ಕೆ ಸರಿದು ಪಂಪ್ ಗಾಳಿ ಎಳೆಯಿತು, ಕ್ಲಚ್ ಜಾರಿತು. ವಿಜಯಪುರದ ಎಪ್ರಿಲ್ ಬಿಸಿಲಿನಲ್ಲಿ ಮಧ್ಯಾಹ್ನ ಗಾಡಿಯ ಯಾವ ಎಣ್ಣೆಯೂ 40ಕ್ಕೆ ಇಳಿಯುವುದಿಲ್ಲ. ರಾತ್ರಿಯಿಡೀ ನಿಂತ ಗಾಡಿಯನ್ನು ಬೆಳಿಗ್ಗೆಯೇ ಒಯ್ದದ್ದು ಒಳ್ಳೆಯದಾಯಿತು. ತೆಗೆದ ಎಣ್ಣೆಯನ್ನು ಹುಡುಗ ಬಿಳಿ ಬಟ್ಟೆಯ ಮೇಲೆ ಸುರಿದು ತೋರಿಸಿದ: ಕೆಂಪು ಇತ್ತು, ಸುಟ್ಟ ವಾಸನೆ ಇಲ್ಲ, ಲೋಹದ ಚೂರಿಲ್ಲ. ಚೂರು ಕಂಡಿದ್ದರೆ ಯಾವ ಸೆಟ್ಟಿಂಗೂ ಉಳಿಸುತ್ತಿರಲಿಲ್ಲ, ಬಿಚ್ಚಲೇಬೇಕಿತ್ತು.

ಸರಿಯಾದ ಗ್ರೇಡಿನ ಎಣ್ಣೆ ಭರ್ತಿ ಮಾಡಿ, ಹಳೆಯ ಕಲಿಕೆಯನ್ನು ಸ್ಕ್ಯಾನರ್‌ನಿಂದ ಅಳಿಸಿದ. ಇನ್ನು ಹೊಸದಾಗಿ ಕಲಿಸಬೇಕು. ಅದಕ್ಕೆ ಬೇಕಾದದ್ದು ಸಮತಟ್ಟಾದ, ಜನ ಕಡಿಮೆ ಇರುವ ರಸ್ತೆ. ನಾವು ಹೋಗಬೇಕಿದ್ದ ಘೋಣಸಗಿ ರಸ್ತೆಯೇ ಸಿಕ್ಕಿತು! ಎಣ್ಣೆ ಬಿಸಿಯಾಗುವವರೆಗೆ ಓಡಿಸಿ, ಆಮೇಲೆ ಕಾಲನ್ನು ಒಂದೇ ಹದದಲ್ಲಿ ಮೆಲ್ಲ ಒತ್ತಿ ಒಂದರಿಂದ ಆರರವರೆಗೆ ಏರಿಸುವುದು, ಬ್ರೇಕನ್ನು ಹಗುರ ಹಿಡಿದು ಪೂರ್ತಿ ನಿಲ್ಲಿಸುವುದು, ಮತ್ತೆ ಅದೇ. ಮಾಮ ಹತ್ತಾರು ಸಲ ಮಾಡಿದರು. ಮೊದಲ ನಾಲ್ಕೈದು ಸಲ ಏಟು ಬಿತ್ತು, ಮಾಮನ ಮುಖ ಸಪ್ಪಗಾಯಿತು. ಆಮೇಲೆ ಎರಡರಿಂದ ಮೂರಕ್ಕೆ ಹೋದದ್ದೇ ಗೊತ್ತಾಗಲಿಲ್ಲ. ಎಣ್ಣೆ, ಕೂಲಿ ಸೇರಿ ಎಲ್ಲ ಹತ್ತು ಸಾವಿರದ ಒಳಗೆ ಮುಗಿಯಿತು.

ಸಣ್ಣ ಗಾಡಿಯ ಎಎಂಟಿ ಬೇರೆಯ ಜಾತಿ. ಮಾರುತಿ 2014ರಲ್ಲಿ ಸೆಲೆರಿಯೊದಲ್ಲಿ ತಂದದ್ದು ಅದೇ. ಮ್ಯಾನುವಲ್ ಗೇರ್ ಬಾಕ್ಸೇ, ಕ್ಲಚ್ ತುಳಿಯುವ ಮತ್ತು ಗೇರ್ ಬದಲಿಸುವ ಕೆಲಸ ಮಾತ್ರ ಯಂತ್ರದ್ದು. ಕ್ಲಚ್ ಎಲ್ಲಿ ಹಿಡಿಯಲು ಶುರುವಾಗುತ್ತದೆ ಎಂಬ ಜಾಗವನ್ನು ಅದರ ಕಂಪ್ಯೂಟರ್ ನೆನಪಿಡುತ್ತದೆ. ಹೊಸ ಕ್ಲಚ್ ಹಾಕಿ ಆ ಜಾಗ ಮತ್ತೆ ಕಲಿಸದಿದ್ದರೆ ಹೊರಡುವಾಗ ಗಾಡಿ ನಡುಗುತ್ತದೆ. ಕ್ಲಚ್ ಬದಲಿಸಿದ ಬಿಲ್ಲಿನಲ್ಲಿ ಈ ಕೆಲಸ ಬರೆದಿದೆಯೇ ಎಂದು ಕೇಳಿ. ಇನ್ನೊಂದು ಮಾತು ಮನೆಯ ಎಲ್ಲರಿಗೂ: ಏರಿನ ಸಿಗ್ನಲ್‌ನಲ್ಲಿ ಆಕ್ಸಿಲರೇಟರ್ ಒತ್ತಿ ಗಾಡಿಯನ್ನು ನಿಲ್ಲಿಸಿಕೊಳ್ಳಬೇಡಿ. ಕ್ಲಚ್ ಅಲ್ಲೇ ಸುಡುತ್ತದೆ. ಬ್ರೇಕ್ ಹಿಡಿಯಿರಿ.

ನಮ್ಮ ಹುಡುಗರಿಗೆ ಈಗ ಇನ್ನೊಂದು ಹುಚ್ಚು, ರೀಮ್ಯಾಪ್. ಗೇರ್ ಬೇಗ ಬೀಳಬೇಕು, ಎಂಜಿನ್ ಜೋರು ಎಳೆಯಬೇಕು. ಎಂಜಿನ್ನಿನ ಶಕ್ತಿ ಏರಿಸಿದರೆ ಗೇರ್ ಬಾಕ್ಸಿನ ಕ್ಲಚ್ ಬಿಲ್ಲೆ ತಾನಾಗಿ ದಪ್ಪವಾಗುವುದಿಲ್ಲ. ಜಾರುತ್ತದೆ, ಸುಡುತ್ತದೆ. ವಾರಂಟಿ ಇದ್ದರೆ ಅದೂ ಹೋಗುತ್ತದೆ. ಮನೆಮಂದಿ ಕೂರುವ ಗಾಡಿಗೆ ಅದು ಬೇಡ ಎಂಬುದೇ ನನ್ನ ಅಭಿಪ್ರಾಯ, ಹುಡುಗರು ಬೈದರೂ ಅಡ್ಡಿಯಿಲ್ಲ.

ವಾಪಸ್ ಬರುವಾಗ ಡಿಕ್ಕಿಯಲ್ಲಿ ದ್ರಾಕ್ಷಿಯ ಪೆಟ್ಟಿಗೆಗಳು. ಅರಬೈಲ್ ಇಳಿಯುವಾಗ ಮಾಮ ಗೇರನ್ನು ಡಿಯಲ್ಲಿ ಬಿಡಲಿಲ್ಲ, ಮ್ಯಾನುವಲ್‌ಗೆ ತಂದು ಮೂರರಲ್ಲೇ ಹಿಡಿದರು. ಇಳಿಜಾರಿನಲ್ಲಿ ಎಂಜಿನ್ನೇ ಗಾಡಿಯನ್ನು ತಡೆಯಿತು, ಬ್ರೇಕ್ ಬಿಸಿಯಾಗಲಿಲ್ಲ. ಮನೆಗೆ ಬಂದು ಎಣ್ಣೆಯ ಗ್ರೇಡ್, ತಾರೀಕು, ಕಿಲೋಮೀಟರ್ ಒಂದು ಚೀಟಿಯಲ್ಲಿ ಬರೆದು ಬಾನೆಟ್ಟಿನ ಒಳಬದಿಗೆ ಅಂಟಿಸಿದರು. ಕೆಳಗೆ ದೊಡ್ಡ ಅಕ್ಷರದಲ್ಲಿ ಇನ್ನೊಂದು ಸಾಲು: "ಬಿಸಿ ಇರುವಾಗ ಬಿರಡೆ ತೆಗೆಯಬಾರದು."