ವಯಸ್ಸಾಗದ ಭೀಮ, ಮರಕ್ಕೆ ಮರಳುವ ಬೇತಾಳ

ಪೋಗೋ ವಾಹಿನಿಯಲ್ಲಿ ‘ಛೋಟಾ ಭೀಮ್’ ಆರಂಭವಾದದ್ದು 2008ರಲ್ಲಿ. ಆಗ ಅದನ್ನು ನೋಡುತ್ತಾ ತುತ್ತು ನುಂಗುತ್ತಿದ್ದ ಐದು ವರ್ಷದ ಮಗು ಇಂದು ಕಾಲೇಜು ಮುಗಿಸಿ ಸರ್ಜಾಪುರ ರಸ್ತೆಯ ಯಾವುದೋ ಸಾಫ್ಟ್‌ವೇರ್ ಕಂಪೆನಿಯಲ್ಲಿ ನೌಕರಿ ಹಿಡಿದಿರಬಹುದು. ಆ ರಸ್ತೆಯೇ ಗುರುತು ಸಿಗದಷ್ಟು ಬದಲಾಗಿದೆ. ಢೋಲಕ್‌ಪುರದಲ್ಲಿ ಮಾತ್ರ ಭೀಮ ಇನ್ನೂ ಬಾಲಕ. ಟುನ್‌ಟುನ್ ಮೌಸಿಯ ಲಡ್ಡು ಮುಗಿದಿಲ್ಲ, ಕಾಲಿಯಾನಿಗೆ ಬುದ್ಧಿ ಬಂದಿಲ್ಲ. ಹೊಸತೇನಾದರೂ ಮಾಡಬೇಕೆಂದು ಹೈದರಾಬಾದಿನ ಗ್ರೀನ್ ಗೋಲ್ಡ್ ಸಂಸ್ಥೆ ಹೊರಟಾಗಲೂ ಭೀಮನನ್ನು ಬೆಳೆಸಲಿಲ್ಲ. 2019ರ ‘ಮೈಟಿ ಲಿಟಲ್ ಭೀಮ್’ನಲ್ಲಿ ಅವನನ್ನು ಹಿಂದಕ್ಕೆ ಕರೆದೊಯ್ದು ಅಂಬೆಗಾಲಿಡುವ ಕೂಸಾಗಿಸಿತು!

ಕಥೆ ಮುಗಿದೊಡನೆ ಎಲ್ಲವೂ ಮೊದಲಿನಂತಾಗುವ ಈ ಕ್ರಮ ನಮಗೆ ಹೊಸದಲ್ಲ. ‘ಚಂದಮಾಮ’ ಓದಿ ಬೆಳೆದವರಿಗೆ ಬೇತಾಳನ ನೆನಪಿರುತ್ತದೆ. ರಾಜ ಬಾಯಿ ತೆರೆದನೋ, ಶವದೊಡನೆ ಅದು ಮತ್ತೆ ಮರಕ್ಕೆ. ಕುತೂಹಲದ ಸಂಗತಿಯೆಂದರೆ, ಮೂಲ ಸಂಸ್ಕೃತದ ಬೇತಾಳ ಪಂಚವಿಂಶತಿಗೆ ಒಂದು ಕೊನೆಯಿದೆ. ಕಡೆಯ ಕಥೆಯ ಪ್ರಶ್ನೆಗೆ ರಾಜನಿಗೆ ಉತ್ತರ ಹೊಳೆಯುವುದಿಲ್ಲ, ಅವನು ಮೌನವಾಗುತ್ತಾನೆ, ಬೇತಾಳ ಸನ್ಯಾಸಿಯ ಸಂಚನ್ನು ಬಯಲು ಮಾಡುತ್ತದೆ. ಮಾಸಪತ್ರಿಕೆಗೆ ಇದು ಒಗ್ಗುವಂತಿರಲಿಲ್ಲ. ಇಪ್ಪತ್ತೈದು ಮುಗಿದ ಮೇಲೂ ಹೊಸ ಹೊಸ ಕಥೆ ಹೊಸೆದು ದಶಕಗಳ ಕಾಲ ರಾಜನನ್ನು ಸ್ಮಶಾನದಲ್ಲೇ ನಡೆಸಿತು. ಮೈಸೂರಿನ ಆರ್.ಕೆ. ಲಕ್ಷ್ಮಣ್ ಅವರ ‘ಶ್ರೀಸಾಮಾನ್ಯ’ನೂ 1951ರಿಂದ ಅದೇ ಚೌಕುಳಿ ಕೋಟಿನಲ್ಲೇ ಉಳಿದ.

ಕಾರ್ಟೂನ್ ಧಾರಾವಾಹಿಗೆ ಇನ್ನೂ ಎರಡು ಕಾರಣಗಳುಂಟು. ಮೊದಲನೆಯದು ವ್ಯಾಪಾರ. ಕಂತುಗಳನ್ನು ಯಾವ ದಿನ, ಯಾವ ಕ್ರಮದಲ್ಲಿ ಬೇಕಾದರೂ ಹಾಕಬಹುದಾದರೆ ವಾಹಿನಿಗೆ ಅನುಕೂಲ. ನಿನ್ನೆಯದನ್ನು ತಪ್ಪಿಸಿಕೊಂಡ ಮಗುವಿಗೂ ಇವತ್ತಿನದು ಅರ್ಥವಾಗಬೇಕು. ಎರಡನೆಯದು ಕೆಲಸದ ಖರ್ಚು. ಕಂಪ್ಯೂಟರ್ ಅನಿಮೇಷನ್‌ನಲ್ಲಿ ಒಂದು ಪಾತ್ರವೆಂದರೆ ಅದರ ದೇಹ, ಒಳಗಿನ ಮೂಳೆಕಟ್ಟು, ಮುಖಭಾವ, ಉಡುಪು ಎಲ್ಲವನ್ನೂ ಒಮ್ಮೆ ನಿರ್ಮಿಸಿ ಪ್ರತಿ ಕಂತಿನಲ್ಲೂ ದುಡಿಸುವುದು. ಹುಡುಗನಿಗೆ ಮೀಸೆ ಬಂತೆಂದರೆ ಬಹುಪಾಲು ಮತ್ತೆ ಮೊದಲಿನಿಂದ ಮಾಡಬೇಕು. ಬೆಂಗಳೂರಿನ ಕಲಾವಿದರಿಗೆ ಇದು ಚೆನ್ನಾಗಿ ಗೊತ್ತು. ‘ಕುಂಗ್ ಫು ಪಾಂಡಾ’ದ ಕಿರುತೆರೆ ಕಂತುಗಳಿಗೆ ಇಲ್ಲಿನ ಟೆಕ್ನಿಕಲರ್ ಸ್ಟುಡಿಯೋದಲ್ಲಿ ಕೆಲಸ ನಡೆದಿತ್ತು. ಪಾಂಡಾ ಬದಲಾಗಲಿಲ್ಲ, 2025ರಲ್ಲಿ ಟೆಕ್ನಿಕಲರ್ ಸಮೂಹವೇ ಕುಸಿದು ಇಲ್ಲಿನವರೂ ಕೆಲಸ ಕಳೆದುಕೊಂಡರು.

ಹಾಗಾದರೆ ಇಂಥ ಧಾರಾವಾಹಿಗಳಲ್ಲಿ ಏನೂ ಆಗುವುದೇ ಇಲ್ಲವೇ? 1989ರಿಂದ ಓಡುತ್ತಿರುವ ಅಮೆರಿಕದ ‘ದಿ ಸಿಂಪ್ಸನ್ಸ್’ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ತುಂಟ ಬಾರ್ಟ್‌ಗೆ ಈಗಲೂ ಹತ್ತು ವರ್ಷ. 1997ರ ಒಂದು ಕಂತಿನಲ್ಲಿ ಶಾಲೆಯ ಮುಖ್ಯೋಪಾಧ್ಯಾಯ ಸ್ಕಿನ್ನರ್ ಬೇರೊಬ್ಬನ ಹೆಸರಿನಲ್ಲಿ ಬದುಕುತ್ತಿದ್ದಾನೆಂದು ತಿಳಿಯುತ್ತದೆ. ಮುಂದೇನು? ಯಾರೂ ಇನ್ನು ಈ ವಿಷಯ ಎತ್ತಕೂಡದೆಂದು ನ್ಯಾಯಾಧೀಶ ಅಪ್ಪಣೆ ಮಾಡುತ್ತಾನೆ! ಅಭಿಮಾನಿಗಳು ಸಿಟ್ಟಾದರೂ, ಇದು ತನ್ನ ಕಸುಬಿನ ಗುಟ್ಟನ್ನು ತಾನೇ ಗೇಲಿ ಮಾಡಿಕೊಂಡ ಕಂತು ಎನ್ನಬೇಕು.

ಆದರೂ ಕೆಲವು ಬದಲಾವಣೆಗಳು ನಿಂತವು. ಭಾರತೀಯ ಅಂಗಡಿಕಾರ ಅಪು, ಕನ್ನಡದ ಕಿವಿಗೆ ಮನೆಯ ಹೆಸರೆನಿಸುವ ಮಂಜುಳಾಳನ್ನು 1997ರಲ್ಲಿ ಮದುವೆಯಾದ. 1999ರಲ್ಲಿ ಒಂದೇ ಹೆರಿಗೆಯಲ್ಲಿ ಎಂಟು ಮಕ್ಕಳು. 2000ದಲ್ಲಿ ನೆರೆಮನೆಯ ಮಾಡ್ ಸತ್ತಳು. ಅವಳಿಗೆ ದನಿ ಕೊಡುತ್ತಿದ್ದ ನಟಿ ಸಂಭಾವನೆಯ ತಕರಾರಿನಿಂದ ಹೊರನಡೆದಿದ್ದರು. ಚಿತ್ರಕ್ಕೆ ಮುಪ್ಪಿಲ್ಲ, ದನಿಗೆ ಉಂಟು. ಬಾರ್ಟ್‌ನ ಶಿಕ್ಷಕಿ ಎಡ್ನಾಗೆ ದನಿಯಾಗಿದ್ದ ಮಾರ್ಸಿಯಾ ವಾಲೇಸ್ 2013ರ ಅಕ್ಟೋಬರ್‌ನಲ್ಲಿ ತೀರಿಕೊಂಡಾಗ ನಿರ್ಮಾಪಕರು ಬೇರೆ ದನಿ ಹುಡುಕದೆ ಆ ಪಾತ್ರವನ್ನೇ ನಿಲ್ಲಿಸಿದರು. ಕಂತಿನ ಆರಂಭದಲ್ಲಿ ಬಾರ್ಟ್ ಶಿಕ್ಷೆಯಾಗಿ ಕಪ್ಪು ಹಲಗೆಯ ತುಂಬ ಒಂದೇ ವಾಕ್ಯವನ್ನು ಮತ್ತೆ ಮತ್ತೆ ಬರೆಯುವುದು ವಾಡಿಕೆ. ಆ ನವೆಂಬರ್‌ನ ಒಂದು ಕಂತಿನಲ್ಲಿ ಅವನು ಬರೆದದ್ದು ಒಂದೇ ಸಲ: ಟೀಚರ್ ಇಲ್ಲದ ಕೊರತೆ ನಮ್ಮನ್ನು ಕಾಡುತ್ತದೆ ಎಂದು.