ವಾಹನದ ನಾಡಿ ನೋಡುವ ಆಸಿಲೋಸ್ಕೋಪು



ಅಡಿಕೆ ಇಳಿಸಲು ಮಂಗಳೂರಿನ ಬಂದರಿಗೆ ತಂದ ನಮ್ಮ ಜೀಪು ಕಳೆದ ಮಳೆಗಾಲದಲ್ಲಿ ಮೂರು ಸಲ ಬೆಳಿಗ್ಗೆ ಸ್ಟಾರ್ಟ್ ಆಗಲಿಲ್ಲ. ಗ್ಯಾರೇಜಿನವರ ಮಾತಿಗೆ ಎರಡು ಬ್ಯಾಟರಿ ಬದಲಾಯಿಸಿದೆವು. ದಂಡ ತೆತ್ತದ್ದೇ ಬಂತು. ಎಂಜಿನ್ ಓಡುವಾಗ ಮಲ್ಟಿಮೀಟರು 13.8 ವೋಲ್ಟ್ ತೋರಿಸುತ್ತಿತ್ತು, ದೋಷವೇ ಇಲ್ಲವೆಂಬಂತೆ.

ಮೀಟರು ಹೇಳುವುದು ಸರಾಸರಿಯನ್ನು. ಆಸಿಲೋಸ್ಕೋಪು ವೋಲ್ಟೇಜಿನ ಕ್ಷಣಕ್ಷಣದ ಏರಿಳಿತವನ್ನೇ ಪರದೆಯ ಮೇಲೆ ಗೆರೆಯಾಗಿ ಬರೆಯುತ್ತದೆ. ಅಂಗೈಯಗಲದವು ಈಗ ಕೆಲವೇ ಸಾವಿರ ರೂಪಾಯಿಗೆ ಸಿಗುತ್ತವೆ.

ಎಂಜಿನ್ ಓಡುತ್ತಿರಲಿ, ಹೆಡ್‌ಲೈಟು ಉರಿಯಲಿ. ಸ್ಕೋಪನ್ನು ಏಸಿ ಸ್ಥಾನದಲ್ಲಿಟ್ಟು ಬ್ಯಾಟರಿಯ ಎರಡು ತುದಿಗೆ ಅದರ ತಂತಿ ಹಿಡಿಯಬೇಕು. ಫ್ಯಾನ್ ಬೆಲ್ಟಿನ ಹತ್ತಿರ ಲುಂಗಿ, ಶಾಲು ಸುಳಿಯದಿರಲಿ! ಆಲ್ಟರ್ನೇಟರು ಮೂರು ಫೇಸಿನದು. ಅದರ ಆರು ಡಯೋಡುಗಳೂ ನೆಟ್ಟಗಿದ್ದರೆ ಒಂದೇ ಎತ್ತರದ ಸಣ್ಣ ಅಲೆಗಳು ಕಾಣುತ್ತವೆ. ನಮ್ಮದರಲ್ಲಿ ನಾಲ್ಕಾರು ಅಲೆಗೊಮ್ಮೆ ಆಳವಾದ ಹೊಂಡ, ಮಳೆಗಾಲದ ಘಾಟಿ ರಸ್ತೆಯ ಹಾಗೆ. ಒಂದು ಡಯೋಡು ಸತ್ತಿತ್ತು. ದೀಪ, ವೈಪರು ಎರಡೂ ಓಡಿದ ಮೇಲೆ ಬ್ಯಾಟರಿಗೆ ಉಳಿಯುವುದೆಷ್ಟು? ಡಯೋಡ್ ಪ್ಲೇಟು ಬದಲಾಯಿಸಿದೆವು. ಆ ಮೇಲೆ ಬೆಳಿಗ್ಗೆ ತಳ್ಳುವ ಕೆಲಸ ಬಿದ್ದಿಲ್ಲ.

ಪೆಟ್ರೋಲ್ ವಾಹನದ ಇಗ್ನಿಷನ್ ಕಾಯಿಲಿಗೆ ಮಾತ್ರ ಸ್ಕೋಪನ್ನು ನೇರ ತಗಲಿಸಬೇಡಿ. ಅದರ ಪ್ರೈಮರಿಯಲ್ಲೇ 300-400 ವೋಲ್ಟಿನ ಪೆಟ್ಟು ಏಳುತ್ತದೆ, ಉಪಕರಣ ಸುಟ್ಟೀತು.